ಮಾಯಾಬಜಾರ್ ಎರಡು, ಎರಡೂ ಅಸಲಿ

ಶಿರಸಿಯ ಓದುಗರೊಬ್ಬರ ಪತ್ರ: “1957ರ ಮಾಯಾಬಜಾರ್ ಚಿತ್ರ ತೆಲುಗಿನಲ್ಲಿ ನೋಡಿದ್ದೆ. ಈಚೆಗೆ ತಮಿಳಿನದೂ ಸಿಕ್ಕಿತು. ಅದೇ ಸೆಟ್, ಅದೇ ಕೃಷ್ಣ, ಅದೇ ಘಟೋತ್ಕಚ. ಆದರೆ ಅಭಿಮನ್ಯು ಬೇರೆ! ಇದು ಡಬ್ಬಿಂಗೋ ರೀಮೇಕೋ? ಕಂಪ್ಯೂಟರ್ ಇಲ್ಲದೆ ಆ ಮಾಯೆಗಳನ್ನೆಲ್ಲ ಹೇಗೆ ಮಾಡಿದರು? ಈ ಕಥೆ ಮಹಾಭಾರತದಲ್ಲಿ ಎಲ್ಲಿ ಬರುತ್ತದೆ?”

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ. ಘಟೋತ್ಕಚನ ಮಾಯೆಯ ನೆರವಿನಿಂದ ಅಭಿಮನ್ಯು ಬಲರಾಮನ ಮಗಳನ್ನು ಮದುವೆಯಾಗುವ ಈ ಕಥೆ ವ್ಯಾಸಭಾರತದಲ್ಲಿ ಇಲ್ಲ. ಅಲ್ಲಿ ಅಭಿಮನ್ಯು ಮದುವೆಯಾಗುವುದು ವಿರಾಟನ ಮಗಳು ಉತ್ತರೆಯನ್ನು. ಬಲರಾಮನ ಮಗಳು ಜನಪದರ ಸೃಷ್ಟಿ. ತೆಲುಗಿನವರಿಗೆ ಅವಳು ಶಶಿರೇಖೆ, ತಮಿಳರಿಗೆ ವತ್ಸಲೆ. ನೀವು ಶಿರಸಿಯವರು, ಯಕ್ಷಗಾನದ ‘ಕನಕಾಂಗಿ ಕಲ್ಯಾಣ’ ನಿಮಗೆ ಗೊತ್ತೇ ಇರುತ್ತದೆ. ಆ ಕನಕಾಂಗಿಯೂ ಇವಳೇ. ಸಿನಿಮಾಕ್ಕಿಂತ ಮೊದಲೇ ಸುರಭಿ ನಾಟಕ ಕಂಪನಿಗಳು ಇದನ್ನು ರಂಗದ ಮೇಲೆ ಟ್ರಿಕ್ಕುಗಳೊಂದಿಗೆ ಆಡುತ್ತಿದ್ದವು. ಹಾಗಾಗಿ ಪ್ರೇಕ್ಷಕರು ಥಿಯೇಟರಿಗೆ ಬಂದದ್ದು ಕಥೆ ತಿಳಿಯುವುದಕ್ಕಲ್ಲ, ಆ ಮಾಯೆ ಈ ಸಲ ಹೇಗಿದೆ ಎಂದು ನೋಡುವುದಕ್ಕೆ.

ಇನ್ನು ಡಬ್ಬಿಂಗೋ ರೀಮೇಕೋ ಎಂದರೆ ಎರಡೂ ಅಲ್ಲ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರ ವಿಜಯಾ ಸಂಸ್ಥೆಗಾಗಿ ನಿರ್ದೇಶಕ ಕೆ. ವಿ. ರೆಡ್ಡಿಯವರು ಮದರಾಸಿನಲ್ಲಿ ಒಟ್ಟಿಗೇ ಎರಡು ಚಿತ್ರ ತೆಗೆದರು. ತೆಲುಗಿನದು 1957ರ ಮಾರ್ಚ್ 27ಕ್ಕೆ ತೆರೆಕಂಡರೆ ತಮಿಳಿನದು ಏಪ್ರಿಲ್ 12ಕ್ಕೆ. ಕೃಷ್ಣನಾಗಿ ಎನ್. ಟಿ. ರಾಮರಾವ್, ಘಟೋತ್ಕಚನಾಗಿ ಎಸ್. ವಿ. ರಂಗರಾವ್, ಬಲರಾಮನ ಮಗಳಾಗಿ ಸಾವಿತ್ರಿ ಎರಡರಲ್ಲೂ ಇದ್ದಾರೆ. ಅಕ್ಕಿನೇನಿ ನಾಗೇಶ್ವರರಾವ್ ಅವರ ಅಭಿಮನ್ಯುವಿನ ಜಾಗಕ್ಕೆ ತಮಿಳಿನಲ್ಲಿ ಜೆಮಿನಿ ಗಣೇಶನ್, ಸಿ. ಎಸ್. ಆರ್. ಆಂಜನೇಯುಲು ಅವರ ಶಕುನಿಗೆ ನಂಬಿಯಾರ್, ರೇಲಂಗಿಯವರ ಲಕ್ಷ್ಮಣಕುಮಾರನಿಗೆ (ದುರ್ಯೋಧನನ ಮಗ) ತಂಗವೇಲು ಬಂದರು. ಹಾಸ್ಯ ಮತ್ತು ಕುತಂತ್ರದ ಪಾತ್ರಗಳನ್ನು ಬದಲಿಸಿದ್ದು ತುಂಬ ಸರಿಯಾದ ನಿರ್ಧಾರ. ಆ ಪಾತ್ರಗಳ ಜೀವ ಇರುವುದೇ ಮಾತಿನ ವರಸೆಯಲ್ಲಿ. ತುಟಿಗೆ ಹೊಂದಿಸಿ ಮಾತು ಕೂರಿಸಿದರೆ ಅದು ಉಳಿಯುವುದಿಲ್ಲ. ಕನ್ನಡಕ್ಕೆ ಮುಂದೆ ಬಂದದ್ದು ಮಾತ್ರ ಡಬ್ ಆದ ಪ್ರತಿ.

ದ್ವಿಭಾಷಾ ಚಿತ್ರೀಕರಣದ ಲೆಕ್ಕ ಸರಳ. ಕ್ಯಾಮೆರಾ, ಲೈಟು, ನೆಲದ ಮೇಲಿನ ಸೀಮೆಸುಣ್ಣದ ಗುರುತು ಯಾವುದನ್ನೂ ಕದಲಿಸದೆ ಒಂದು ಭಾಷೆಯ ಟೇಕ್ ಮುಗಿಸಿ, ನಟರನ್ನು ಬದಲಿಸಿ ಇನ್ನೊಂದನ್ನು ತೆಗೆಯುವುದು. ಸೆಟ್ಟಿನ ಖರ್ಚು ಉಳಿಯುತ್ತದೆ, ಫಿಲಂ ಖರ್ಚು ಉಳಿಯುವುದಿಲ್ಲ. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ, ಸಾವಿರ ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಖಾಲಿ. ಮೂರು ಗಂಟೆಯ ಎರಡು ಚಿತ್ರಗಳಿಗೆ ಅಂದಾಜಿನ ಮೇಲೆ ಕ್ಯಾಮೆರಾ ಓಡಿಸಿದರೆ ನಿರ್ಮಾಪಕ ಮುಳುಗಿದಂತೆಯೇ. ಕೆ. ವಿ. ರೆಡ್ಡಿಯವರು ರಿಹರ್ಸಲ್‌ನಲ್ಲೇ ಪ್ರತಿ ದೃಶ್ಯದ ಕಾಲಾವಧಿ ಅಳೆದಿಟ್ಟುಕೊಳ್ಳುತ್ತಿದ್ದುದು ಇದಕ್ಕೇ.

ಈಗ ಮಾಯೆಯ ಮಾತು. ಘಟೋತ್ಕಚ ಶಶಿರೇಖೆಯ ರೂಪ ತಾಳುವಂಥ ಶಾಟ್‌ಗೆ ಆ ಕಾಲದಲ್ಲಿದ್ದ ಮೂಲ ವಿಧಾನ ಕ್ಯಾಮೆರಾ ನಿಲ್ಲಿಸುವುದು. ಒಬ್ಬ ನಟ ಗುರುತಿನ ಮೇಲೆ ಅಲುಗದೆ ನಿಲ್ಲುತ್ತಾನೆ, ಕ್ಯಾಮೆರಾ ನಿಲ್ಲುತ್ತದೆ, ಅವನ ಜಾಗಕ್ಕೆ ಇನ್ನೊಬ್ಬರು ಬಂದು ನಿಂತ ಮೇಲೆ ಮತ್ತೆ ಓಡುತ್ತದೆ. ಕೇಳಲು ಸುಲಭ, ಕೆಡುವುದು ಅದಕ್ಕಿಂತ ಸುಲಭ. ಮೋಟಾರು ನಿಧಾನವಾಗುತ್ತ ನಿಲ್ಲುವಾಗ ಕೊನೆಯ ಕೆಲವು ಫ್ರೇಮ್‌ಗಳಿಗೆ ಹೆಚ್ಚು ಹೊತ್ತು ಬೆಳಕು ಬಿದ್ದು ಅವು ಬಿಳಿಚಿಕೊಳ್ಳುತ್ತವೆ. ಶುರುವಾಗುವಾಗಲೂ ಹಾಗೆಯೇ. ಎಡಿಟರ್ ಆ ಫ್ರೇಮ್‌ಗಳನ್ನು ಎರಡೂ ಕಡೆ ಕತ್ತರಿಸದಿದ್ದರೆ ಪರದೆಯ ಮೇಲೆ ಫಳಕ್ಕನೆ ಮಿಂಚಿದಂತಾಗುತ್ತದೆ. ಆ ಅಂತರದಲ್ಲಿ ವೋಲ್ಟೇಜ್ ಇಳಿದರೆ ಹಿಂದಿನ ಗೋಡೆಯೇ ಮಂಕಾಗುತ್ತದೆ. ಹೊಗೆ ಬಿಡುವುದಾದರೆ ಬದಲಾವಣೆ ಆದ ಮೇಲೆಯೇ ಬಿಡಬೇಕು, ಏಕೆಂದರೆ ಹೊಗೆಯನ್ನು ಗುರುತಿನ ಮೇಲೆ ನಿಲ್ಲಿಸಲಾಗದು.

ಲಾಡುಗಳು ತಾವಾಗಿ ಹಾರಿ ಬಾಯಿಗೆ ಬೀಳುವಂಥ ಶಾಟ್‌ಗೆ ಎರಡು ದಾರಿಗಳಿದ್ದವು. ಒಂದು, ಕಪ್ಪು ದಾರ. ಇನ್ನೊಂದು, ಕ್ಯಾಮೆರಾವನ್ನು ಹಿಮ್ಮುಖವಾಗಿ ಓಡಿಸಿ ಬಾಯಿಂದ ಲಾಡು ಹೊರಬೀಳುವುದನ್ನು ತೆಗೆಯುವುದು. ಎರಡನೆಯದರಲ್ಲಿ ನಟ ಅಗಿಯುವುದನ್ನೂ ನಗುವುದನ್ನೂ ಉಲ್ಟಾ ಅಭಿನಯಿಸಬೇಕು. ಒಂದು ಸಲ ತಪ್ಪಾಗಿ ಕಣ್ಣು ಹೊರಳಿದರೆ ಟೇಕ್ ಹೋಯಿತು.

ದ್ವಾರಕೆಯ ನಗರದೃಶ್ಯ ಮಿನಿಯೇಚರ್. ಸುಮಾರು 50 ಅಡಿಗೆ 60 ಅಡಿ ಜಾಗದಲ್ಲಿ 300 ಪುಟ್ಟ ಮನೆಗಳು, ಪ್ರತಿಯೊಂದರಲ್ಲೂ ವಿದ್ಯುದ್ದೀಪ. ಮಾದರಿ ಚಿಕ್ಕದಾದಾಗ ಹತ್ತಿರದ್ದು ಸ್ಪಷ್ಟವಾಗಿ, ದೂರದ್ದು ಮಸುಕಾಗಿ ಗುಟ್ಟು ರಟ್ಟಾಗುತ್ತದೆ. ಅದನ್ನು ತಡೆಯಲು ಲೆನ್ಸಿನ ಕಿಂಡಿ ಕಿರಿದು ಮಾಡಬೇಕು, ಕಿಂಡಿ ಕಿರಿದಾದಷ್ಟೂ ಲೈಟು ಹೆಚ್ಚಬೇಕು. ಲೈಟು ಹೆಚ್ಚಿದರೆ ಮನೆಯೊಳಗಿನ ದೀಪ ಕಾಣಿಸುವುದಿಲ್ಲ. ಈ ಹಗ್ಗಜಗ್ಗಾಟವನ್ನು ಸಂಭಾಳಿಸಿದವರು ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ. ದೋಣಿಯ ಹಾಡಿನ ಬೆಳುದಿಂಗಳೂ ಅವರು ಕೃತಕವಾಗಿ ಹುಟ್ಟಿಸಿದ್ದೇ. ಕಪ್ಪುಬಿಳುಪಿನಲ್ಲಿ ಹಗಲನ್ನು ಇರುಳಾಗಿಸಲು ಸಾಮಾನ್ಯವಾಗಿ ಕೆಂಪು ಫಿಲ್ಟರ್ ಹಾಕಿ ನೀಲಿ ಆಕಾಶವನ್ನು ಕಪ್ಪಾಗಿಸುತ್ತಿದ್ದರು. ಆದರೆ ಅದೇ ಫಿಲ್ಟರ್ ಕೆಂಪು ತುಟಿಯನ್ನು ಬಿಳಿಚಿಸುತ್ತದೆ, ಹಾಗಾಗಿ ಮೇಕಪ್ಪಿನ ಬಣ್ಣವನ್ನೂ ಬದಲಿಸಬೇಕಾಗುತ್ತದೆ. 2010ರಲ್ಲಿ ತೆಲುಗು ಚಿತ್ರಕ್ಕೆ ಬಣ್ಣ ಹಾಕಿದ ಪ್ರತಿ ಬಂದಿದೆ. ನಮ್ಮ ಸಲಹೆ, ಕಪ್ಪುಬಿಳುಪನ್ನೇ ನೋಡಿ. ಬಾರ್ಟ್ಲಿಯವರ ಬೆಳಕು ಇರುವುದು ಅದರಲ್ಲಿ.

ನಿಮ್ಮ ಬಳಿ ಎರಡೂ ಭಾಷೆಯ ಪ್ರತಿ ಇರುವುದರಿಂದ ಒಂದು ಪರೀಕ್ಷೆ ನೀವೇ ಮಾಡಬಹುದು. ಮದುವೆಯಡುಗೆಯ ಊಟದ ದೃಶ್ಯವನ್ನು ಎರಡರಲ್ಲೂ ಅಕ್ಕಪಕ್ಕ ಇಟ್ಟು, ಹಾಡಿನ ಸಾಲುಗಳಿಲ್ಲದ ತುಣುಕುಗಳನ್ನು ಶಾಟ್‌ವಾರು ನಿಲ್ಲಿಸಿ ನೋಡಿ. ತಿಂಡಿ ಚಲಿಸುವ ದಾರಿ ಎರಡರಲ್ಲೂ ಕೂದಲೆಳೆಯಷ್ಟೂ ಬದಲಾಗದಿದ್ದರೆ ಅದು ಒಂದೇ ಟೇಕ್. ನೆಗೆಟಿವ್‌ನ ನಕಲು ತೆಗೆದು ಎರಡಕ್ಕೂ ಬಳಸಿದ್ದಾರೆ ಎಂದರ್ಥ. ನಕಲಿನ ಶಾಟ್‌ನಲ್ಲಿ ಚಿತ್ರದ ಕಾಳುಕಾಳು (ಗ್ರೇನ್) ತುಸು ಹೆಚ್ಚಿರುತ್ತದೆ. ದಾರಿ ಬೇರೆಯಾಗಿದ್ದರೆ ಆ ಟ್ರಿಕ್ಕನ್ನು ರಂಗರಾವ್ ಅವರು ಮತ್ತೊಮ್ಮೆ ಮಾಡಿದ್ದಾರೆ. ಗಮನಿಸಿದ್ದನ್ನು ನಮಗೆ ಬರೆದು ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂ.