ಮಗಳನ್ನು ಟಿಟಿ ಕಲಿಯಲು ಜರ್ಮನಿಗೆ ಕಳಿಸಬೇಕಾ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಏಳನೇ ವಯಸ್ಸಿನಿಂದ ಟೇಬಲ್ ಟೆನಿಸ್ ಆಡುತ್ತಿದ್ದಾಳೆ. ಈ ಸಲ ರಾಜ್ಯ ಮಟ್ಟದಲ್ಲಿ 15 ವರ್ಷದೊಳಗಿನವರ ಟೂರ್ನಿಯಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಬಂದಳು. ನಮ್ಮೂರಲ್ಲಿ ಅವಳಿಗೆ ಸರಿಸಮನಾಗಿ ಆಡುವವರು ಇಬ್ಬರೋ ಮೂವರೋ ಅಷ್ಟೆ. ಜರ್ಮನಿಯಲ್ಲಿ ಒಂದು ವರ್ಷ ಇದ್ದು ಬಂದರೆ ಆಟವೇ ಬದಲಾಗುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಮಗಳಿಗೂ ತುಂಬಾ ಆಸೆ. ಇರುವ ಒಂದು ಸೈಟ್ ಮಾರಿದರೆ ಹಣ ಹೊಂದಿಸಬಹುದು. ಮುಂದಿನ ವರ್ಷ ಒಂಬತ್ತನೇ ಕ್ಲಾಸು. ಈಗಲೇ ಕಳಿಸೋಣವಾ, ಕಾಯೋಣವಾ?
– ಒಬ್ಬ ತಾಯಿ, ಧಾರವಾಡ

ಉತ್ತರ: ಸೈಟ್ ಮಾರಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಮಾತು: ಸರಿಸಮನಾಗಿ ಆಡುವವರು ಇಬ್ಬರೋ ಮೂವರೋ. ನಿಮ್ಮ ಮಗಳ ನಿಜವಾದ ಕೊರತೆ ಅದೇ. ಟಿಟಿ ಚೆಂಡಿನ ತೂಕ 2.7 ಗ್ರಾಂ. ಅಷ್ಟು ಹಗುರ ಇರುವುದರಿಂದಲೇ ಎದುರಿನವರ ಬ್ಯಾಟಿನ ರಬ್ಬರ್, ಮಣಿಕಟ್ಟು, ನಿಲ್ಲುವ ರೀತಿ ಎಲ್ಲವೂ ಆ ಚೆಂಡಿನಲ್ಲಿ ಬಂದುಬಿಡುತ್ತದೆ. ಒಬ್ಬೊಬ್ಬರ ಸ್ಪಿನ್ ಒಂದೊಂದು ಥರ. ವರ್ಷವಿಡೀ ಅದೇ ಮೂವರ ಜೊತೆ ಆಡಿದರೆ ಹುಡುಗಿ ಚೆಂಡನ್ನು ಓದುವುದನ್ನು ಕಲಿಯುವುದಿಲ್ಲ, ಆ ಮೂವರನ್ನು ಓದುವುದನ್ನು ಕಲಿಯುತ್ತಾಳೆ. ರಾಜ್ಯ ಟೂರ್ನಿಯಲ್ಲಿ ಗುರುತಿಲ್ಲದ ಹುಡುಗಿ ಎದುರು ನಿಂತ ತಕ್ಷಣ ಅವಳ ಸರ್ವಿಸ್ ವಾಪಸ್ ಕಳಿಸುವುದೇ ಕಷ್ಟ ಆಗುವುದು ಇದಕ್ಕೇ.

ಜರ್ಮನಿ ಒಳ್ಳೆಯ ಜಾಗ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಯಾಕೆ ಒಳ್ಳೆಯದು ಅನ್ನುವುದು ಗೊತ್ತಿರಬೇಕು. ಅಲ್ಲಿನ ಕೋಚ್‌ಗಳ ಹತ್ತಿರ ನಮಗೆ ಗೊತ್ತಿಲ್ಲದ ಗುಟ್ಟೇನೂ ಇಲ್ಲ. ಅಲ್ಲಿ ಇರುವುದು ಕ್ಲಬ್‌ಗಳು. ಮೇಲೆ ಬುಂಡೆಸ್‌ಲಿಗಾ ಎಂಬ ಅಗ್ರ ಲೀಗ್, ಅದರ ಕೆಳಗೆ ಎರಡನೇ ದರ್ಜೆ, ಮೂರನೇ ದರ್ಜೆ, ಹೀಗೆ ತಾಲ್ಲೂಕು ಮಟ್ಟದಂಥ ಲೀಗ್‌ವರೆಗೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಸಣ್ಣ ಸಣ್ಣ ಊರುಗಳಲ್ಲೂ ಕ್ಲಬ್ ಇದೆ. ಸಂಜೆ ಕೆಲಸ ಮುಗಿಸಿ ಎಲ್ಲ ವಯಸ್ಸಿನವರೂ ಬಂದು ಆಡುತ್ತಾರೆ.

ನನ್ನ ಒಬ್ಬ ಶಿಷ್ಯ 16ನೇ ವಯಸ್ಸಿನಲ್ಲಿ ಐದು ವಾರ ಅಂಥ ಒಂದು ಕ್ಲಬ್‌ಗೆ ಹೋಗಿದ್ದ. ಮೊದಲ ದಿನ ಸಂಜೆಯೇ ಫೋನ್ ಬಂತು. ಐವತ್ತು ದಾಟಿದ, ಸ್ವಲ್ಪ ಹೊಟ್ಟೆ ಇದ್ದ ಒಬ್ಬರ ಎದುರು 0-3 ಸೋತಿದ್ದ. “ಸರ್, ಅವರು ಓಡೋದೇ ಇಲ್ಲ. ನಿಂತಲ್ಲೇ ಬ್ಯಾಟ್ ಹಿಡೀತಾರೆ, ನನ್ನ ಚೆಂಡೆಲ್ಲಾ ನೆಟ್ಟಿಗೆ ಹೋಗುತ್ತೆ” ಅಂದ. ಅವರ ಬ್ಯಾಟಿನ ಒಂದು ಕಡೆ ಲಾಂಗ್ ಪಿಂಪಲ್ಸ್ ಇತ್ತು, ಅಂದರೆ ಉದ್ದ ಮೊಳಕೆಗಳು ಹೊರಗೆ ಕಾಣುವ ರಬ್ಬರ್. ಅದರ ಮೇಲೆ ನೀವು ಎಷ್ಟು ಜೋರಾಗಿ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ತಿರುಗುವ ಹೊಡೆತ) ಹೊಡೆಯುತ್ತೀರೋ ಅಷ್ಟೇ ಬ್ಯಾಕ್‌ಸ್ಪಿನ್ (ಹಿಂದಕ್ಕೆ ತಿರುಗುವ ಚೆಂಡು) ಆಗಿ ವಾಪಸ್ ಬರುತ್ತದೆ. ಮತ್ತೆ ಅದೇ ಥರ ಹೊಡೆದರೆ ಚೆಂಡು ಕೆಳಗೇ ಹೋಗುತ್ತದೆ. ಒಂದು ಹೊಡೆತ ಜೋರು, ಮುಂದಿನದು ಮೆತ್ತಗೆ ಎತ್ತಿ ಹಾಕಬೇಕು. ಇದನ್ನು ನಾನು ಬೋರ್ಡ್ ಮೇಲೆ ಬರೆದು ಹೇಳಿಕೊಟ್ಟಿದ್ದೆ. ಅವನ ಕೈಗೆ ಅದು ಹತ್ತಿದ್ದು ಆ ಹಿರಿಯರ ಎದುರು ನಾಲ್ಕು ವಾರ ಸೋತ ಮೇಲೆ. ಕೊನೆಯ ವಾರ ಎರಡು ಗೇಮ್ ಕಿತ್ತುಕೊಂಡ. ಆ ಐದು ವಾರದಲ್ಲಿ ಅವನು 60ಕ್ಕೂ ಜಾಸ್ತಿ ಮಂದಿಯ ಜೊತೆ ಆಡಿದ್ದ. ಹೆಸರು, ಕೈ, ರಬ್ಬರ್, ಸರ್ವಿಸ್ ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಆ ನೋಟ್‌ಬುಕ್ ಈಗಲೂ ನಾನು ಬೇರೆ ಮಕ್ಕಳಿಗೆ ತೋರಿಸುತ್ತೇನೆ.

ಹಾಗಾದರೆ ನಿಮ್ಮ ಮಗಳಿಗೆ ಬೇಕಾಗಿರುವುದು ಜಾಸ್ತಿ ಜನ, ಬೇರೆ ಬೇರೆ ಥರದ ಆಟ. ಅದಕ್ಕೆ ಈಗಲೇ ವಿಮಾನ ಹತ್ತಬೇಕಾಗಿಲ್ಲ. ರೈಲು ಸಾಕು. ಬೆಂಗಳೂರು ಇದೆ, ಚೆನ್ನೈ ಇದೆ, ಕೋಲ್ಕತ್ತಾ ಇದೆ. ಐಹಿಕಾ ಮುಖರ್ಜಿ, ಸುತೀರ್ಥಾ ಮುಖರ್ಜಿ ಇಬ್ಬರೂ ಬಂಗಾಳದ ನೈಹಾಟಿಯವರು, ಪಳಗಿದ್ದು ಕೋಲ್ಕತ್ತಾದಲ್ಲಿ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, 2023ರಲ್ಲಿ, ಆಗಿನ ವಿಶ್ವ ಚಾಂಪಿಯನ್ ಜೋಡಿ, ಚೀನಾದ ಚೆನ್ ಮೆಂಗ್, ವಾಂಗ್ ಯಿಡಿಯನ್ನು ಅವರ ದೇಶದಲ್ಲೇ ಸೋಲಿಸಿ ಕಂಚು ತಂದರು. ಸತ್ಯನ್ ಜ್ಞಾನಶೇಖರನ್ ಜರ್ಮನಿಯ ಲೀಗ್‌ನಲ್ಲಿ, ಜಪಾನಿನ ಲೀಗ್‌ನಲ್ಲಿ ಆಡಿದವರು. ಆದರೂ ಚೆನ್ನೈಯಲ್ಲಿ ಕೋಚ್ ರಾಮನ್ ಅವರ ಹತ್ತಿರ ಅಭ್ಯಾಸ ಬಿಡಲಿಲ್ಲ. 2019ರಲ್ಲಿ ವಿಶ್ವ ರ್‍ಯಾಂಕಿಂಗ್‌ನಲ್ಲಿ 24ನೇ ಸ್ಥಾನಕ್ಕೆ ಏರಿದರು. ಮಣಿಕಾ ಬಾತ್ರಾ 16ನೇ ವಯಸ್ಸಿನಲ್ಲಿ ಸ್ವೀಡನ್‌ನ ಅಕಾಡೆಮಿಯ ಸ್ಕಾಲರ್‌ಶಿಪ್ ಬೇಡ ಎಂದು ಇಲ್ಲೇ ಉಳಿದವರು.

ಹೋಗಿ ಗೆದ್ದವರೂ ಇದ್ದಾರೆ. ಬ್ರೆಜಿಲ್‌ನ ಹ್ಯೂಗೊ ಕಾಲ್ಡೆರಾನೊ ಕಥೆ ನನಗೆ ಬಹಳ ಇಷ್ಟ. ಊರು ರಿಯೊ. 14ನೇ ವಯಸ್ಸಿನಲ್ಲಿ ಮನೆ ಬಿಟ್ಟು ಹೋಗಿದ್ದು ತಮ್ಮದೇ ದೇಶದ ಸಾವೊ ಕೇಟಾನೊ ಎಂಬ ಊರಿಗೆ. ಜರ್ಮನಿಯ ಓಕ್ಸೆನ್‌ಹೌಸೆನ್ ಕ್ಲಬ್ ಸೇರಿದ್ದು ಅದಾಗಿ ಕೆಲವು ವರ್ಷಕ್ಕೆ. 2025ರಲ್ಲಿ ವಿಶ್ವಕಪ್ ಗೆದ್ದರು. ಏಷ್ಯಾ, ಯುರೋಪ್ ಬಿಟ್ಟು ಬೇರೆ ಖಂಡದವರು ಅದನ್ನು ಗೆದ್ದದ್ದು ಅದೇ ಮೊದಲು. ಮೊದಲು ಸ್ವಂತ ದೇಶದ ದೊಡ್ಡ ಊರು, ಆಮೇಲೆ ಹೊರದೇಶ. ನಿಮ್ಮ ಮಗಳಿಗೂ ನಾನು ಇದೇ ದಾರಿ ಹೇಳುತ್ತೇನೆ.

ಬರುವ ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಬೆಂಗಳೂರಿಗೋ ಚೆನ್ನೈಗೋ ಕಳಿಸಿ. ನೆಂಟರ ಮನೆ ಬೇಡ, ಹಾಸ್ಟೆಲ್ ಇರಲಿ. ಆಟದ ಜೊತೆಗೆ ಬೇರೆಯದನ್ನೂ ಗಮನಿಸಿ. ಬಟ್ಟೆ ತಾನೇ ಒಗೆದುಕೊಂಡಳಾ? ಊಟ ರುಚಿಸದ ದಿನ ಏನು ಮಾಡಿದಳು? ಸತತ ಮೂರು ದಿನ ಸೋತ ಮೇಲೆ ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ಎದ್ದಳಾ? ಇದೆಲ್ಲ ಸರಿ ಇದ್ದರೆ 15 ತುಂಬಿದ ಮೇಲೆ ಐದಾರು ವಾರಕ್ಕೆ ಜರ್ಮನಿಗೆ ಹೋಗಲಿ. ಒಂದು ವರ್ಷ ಅನ್ನುವ ಮಾತು ಸದ್ಯಕ್ಕೆ ಬೇಡ. ಅಲ್ಲಿ ನೆಲೆಸುವ ಈ ವಯಸ್ಸಿನ ಮಕ್ಕಳು ಶಾಲೆಗೆ ಹೋಗಲೇಬೇಕು, ಅದೂ ಜರ್ಮನ್ ಭಾಷೆಯಲ್ಲಿ. ಹೊಸ ಭಾಷೆ, ಹೊಸ ಶಾಲೆ, ದಿನಕ್ಕೆ ನಾಲ್ಕು ಗಂಟೆ ಆಟ. 13ರ ಹುಡುಗಿಗೆ ಇದು ಜಾಸ್ತಿ ಆಯಿತು.

ಐದಾರು ವಾರಕ್ಕೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಿಗುವ ಅಲ್ಪಾವಧಿ ವೀಸಾ, ಸಾಕು. ಯಾವುದೇ 180 ದಿನದಲ್ಲಿ 90 ದಿನ ಇರಬಹುದು. ಅರ್ಜಿ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಬೇಕು. ಅಪ್ರಾಪ್ತ ವಯಸ್ಸಿನವಳಾದ್ದರಿಂದ ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರವೂ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಅಕಾಡೆಮಿ ಆರಿಸುವಾಗ ಗೋಡೆ ಮೇಲಿನ ಚಾಂಪಿಯನ್ ಫೋಟೋ ನೋಡಿ ಮರುಳಾಗಬೇಡಿ. ಆ ಚಾಂಪಿಯನ್ ನಿಮ್ಮ ಮಗಳ ಜೊತೆ ಆಡುವುದಿಲ್ಲ. ಒಂದು ವಾರದ ವೇಳಾಪಟ್ಟಿ ಬರೆದು ಕಳಿಸಿ ಎಂದು ಕೇಳಿ. ಎದುರು ಯಾರು ನಿಲ್ಲುತ್ತಾರೆ, ಅವರ ಮಟ್ಟ ಏನು? ಕೋಚ್ ಬುಟ್ಟಿಯಿಂದ ಚೆಂಡು ಕೊಟ್ಟು ಮಾಡಿಸುವ ಮಲ್ಟಿಬಾಲ್ ದಿನಕ್ಕೆ ಎಷ್ಟು ಹೊತ್ತು? ವಾರಕ್ಕೆ ಎಷ್ಟು ಪಂದ್ಯ? ರಾತ್ರಿ ಮಕ್ಕಳ ಜೊತೆ ಇರುವ ದೊಡ್ಡವರು ಯಾರು? ಈ ಕೊನೆಯ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಮುಂದಿನ ಮಾತೇ ಬೇಡ, ಎಷ್ಟೇ ದೊಡ್ಡ ಹೆಸರಿರಲಿ.

ಇನ್ನೊಂದು ವಿಷಯ. ಈಗಿನ ಕೋಚ್‌ಗೆ ಈ ಯೋಚನೆ ಹೇಳಿದ್ದೀರಾ? ಹೇಳಿಲ್ಲದಿದ್ದರೆ ಇವತ್ತೇ ಹೇಳಿ. ಅಲ್ಲಿನವರು ಟೇಬಲ್‌ನಿಂದ ಒಂದು ಹೆಜ್ಜೆ ಹಿಂದೆ ನಿಲ್ಲು ಅಂತಾರೆ, ಇಲ್ಲಿಗೆ ಬಂದರೆ ಹತ್ತಿರ ನಿಲ್ಲು ಅಂತಾರೆ. ನಡುವೆ ಸಿಕ್ಕಿಕೊಂಡು ಅಳುವ ಮಕ್ಕಳನ್ನು ನಾನು ನೋಡಿದ್ದೇನೆ. ಹೋಗುವ ಮುಂಚೆ ಕೋಚ್ ಮತ್ತು ಮಗಳು ಕೂತು, ಏನು ಕಲಿತು ಬರಬೇಕು ಎಂದು ಎರಡೇ ಎರಡು ವಿಷಯ ಬರೆದುಕೊಳ್ಳಲಿ. ಎರಡಕ್ಕಿಂತ ಹೆಚ್ಚು ಬೇಡ.

ಓದನ್ನೂ ಬಿಡಿಸಬೇಡಿ. ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ 2019ರಲ್ಲಿ, ಹದಿಹರೆಯದಲ್ಲೇ, ರಾಷ್ಟ್ರೀಯ ಚಾಂಪಿಯನ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಮೊದಲ ಸಲ ಕ್ವಾರ್ಟರ್ ಫೈನಲ್ ತಲುಪಿದಾಗ ಜರ್ಮನಿ ವಿರುದ್ಧ ನಮಗೆ ಸಿಕ್ಕ ಒಂದೇ ಗೆಲುವು ಅವರದು. ಆಮೇಲೆ 24ನೇ ವಯಸ್ಸಿನಲ್ಲಿ ಆಟ ನಿಲ್ಲಿಸಿ ಓದಲು ಅಮೆರಿಕಕ್ಕೆ ಹೋದರು. ಪುಸ್ತಕ ಕೈಬಿಟ್ಟಿರಲಿಲ್ಲ, ಅದಕ್ಕೇ ಆ ಬಾಗಿಲು ತೆರೆದಿತ್ತು, ಅಲ್ವಾ?

ಬೇಸಿಗೆ ರಜೆ ಬರುವವರೆಗೆ ಕಾಯದೆ ಒಂದು ಕೆಲಸ ಇವತ್ತಿನಿಂದಲೇ ಶುರು ಮಾಡಿಸಿ. ಟಿಟಿಯಲ್ಲಿ ಎದುರಾಳಿ ಇಲ್ಲದೆ ಕಲಿಯಬಹುದಾದದ್ದು ಸರ್ವಿಸ್ ಒಂದೇ. ಒಂದು ಬಕೆಟ್ ಚೆಂಡು, ಆ ಕಡೆಯ ಮೂಲೆಯಲ್ಲಿ ಒಂದು ಬಿಳಿ ಹಾಳೆ. ದಿನಾ ಅರ್ಧ ಗಂಟೆ. ಹಾಳೆಯ ಮೇಲೆ ಹತ್ತಕ್ಕೆ ಏಳು ಬೀಳುವ ತನಕ ಹಾಳೆಯನ್ನು ಮಡಚಬಾರದು. ಏಳು ಬಿದ್ದ ದಿನ ಅರ್ಧಕ್ಕೆ ಮಡಚಲಿ.

ಪ್ರಶ್ನೆ: ನನಗೆ 17 ವರ್ಷ. ಜರ್ಮನಿಗಿಂತ ಚೀನಾ ಒಳ್ಳೆಯದು ಅಂತ ಸೀನಿಯರ್‌ಗಳು ಹೇಳುತ್ತಾರೆ. ಸರ್ಕಾರದಿಂದ ಹಣ ಸಿಗುತ್ತಾ ಸರ್?
– ಒಬ್ಬ ಆಟಗಾರ, ಮಂಗಳೂರು

ಉತ್ತರ: ಎರಡೂ ಬೇರೆ ಬೇರೆ ಕೆಲಸಕ್ಕೆ ಒಳ್ಳೆಯದಪ್ಪ. ಕಾಲಿನ ಓಟ, ಹೊಡೆತದ ತಿದ್ದುಪಡಿ, ಗಂಟೆಗಟ್ಟಲೆ ಮಲ್ಟಿಬಾಲ್ ಬೇಕಾದರೆ ಚೀನಾ. ಹೊರದೇಶದವರು ಹೋಗುವ ಜೆಂಗ್‌ಡಿಂಗ್‌ನಂಥ ತರಬೇತಿ ಕೇಂದ್ರಗಳಿವೆ, ಶಾಂಘೈನಲ್ಲಿ ಚೀನಾ ಟೇಬಲ್ ಟೆನಿಸ್ ಕಾಲೇಜು ಇದೆ. ಆದರೆ ಅಲ್ಲಿನ ಪ್ರಾಂತೀಯ ತಂಡದ ಹುಡುಗರು ನಿನ್ನ ಜೊತೆ ದಿನಾ ಆಡುತ್ತಾರೆ ಎಂದುಕೊಂಡು ಹೋಗಬೇಡ. ನಿನಗೆ ಹೊಡೆತ ಗೊತ್ತಿದ್ದು ಪಂದ್ಯದಲ್ಲಿ 9-9 ಆದಾಗ ಕೈ ನಡುಗುತ್ತದೆ ಎಂದರೆ ಜರ್ಮನಿಯೇ ಸರಿ. ನಿನ್ನದು ಯಾವುದು ಅಂತ ನಿನ್ನ ಕೋಚ್‌ಗೆ ಗೊತ್ತಿರುತ್ತದೆ, ಕೇಳು.

ಹಣದ ವಿಷಯ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದವರಿಗೆ ಕೈಖರ್ಚಿಗೆ ತಿಂಗಳಿಗೆ 10,000 ರೂಪಾಯಿ ಸಿಗುತ್ತದೆ. ಒಲಿಂಪಿಕ್ ಗುರಿಯ ಟಾಪ್ಸ್ ಯೋಜನೆಯಲ್ಲಿ ಮುಖ್ಯ ಪಟ್ಟಿಯವರಿಗೆ 50,000, ಅದರ ಕೆಳಗಿನ ಪಟ್ಟಿಯವರಿಗೆ 25,000. ವಿದೇಶಿ ತರಬೇತಿಯ ಖರ್ಚನ್ನೂ ಟಾಪ್ಸ್ ನೋಡಿಕೊಳ್ಳುತ್ತದೆ. ಆದರೆ ಇದೆಲ್ಲ ರಾಷ್ಟ್ರ ಮಟ್ಟದಲ್ಲಿ ಹೆಸರು ಮಾಡಿದ ಮೇಲೆ. ಅದಕ್ಕೆ ಮೊದಲು ಮನೆಯವರ ಹಣವೇ. ಹಾಗಾಗಿ ಮೊದಲ ಸಲ ಮೂರು ವಾರಕ್ಕಿಂತ ಜಾಸ್ತಿ ಹೋಗಬೇಡ.

ಪ್ರಶ್ನೆ: ಮಗ ಮುಂದಿನ ತಿಂಗಳು ಹೊರದೇಶದ ಕ್ಯಾಂಪಿಗೆ ಹೊರಟಿದ್ದಾನೆ. ಹೊಸ ಬ್ಯಾಟ್ ಕೊಡಿಸಲಾ?
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಖಂಡಿತ ಬೇಡ. ಹೊಸ ಬ್ಯಾಟ್ ಕೈಗೆ ಹೊಂದಲು ವಾರಗಳು ಬೇಕು, ಕ್ಯಾಂಪಿನ ಅರ್ಧ ದಿನ ಅದರಲ್ಲೇ ಹೋಗುತ್ತದೆ. ಈಗಿರುವ ಬ್ಯಾಟಿಗೆ ಅದೇ ರಬ್ಬರ್, ಅದೇ ದಪ್ಪದ್ದು, ಈ ವಾರವೇ ಹೊಸದಾಗಿ ಅಂಟಿಸಿ. ಹಾಗೆಯೇ ಇನ್ನೊಂದು ಬ್ಯಾಟ್ ಸಿದ್ಧ ಮಾಡಿಸಿ. ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಲಿ, ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ. ಉಳಿದ ಹಣಕ್ಕೆ ಒಂದು ಜೊತೆ ಒಳ್ಳೆಯ ಶೂ ಕೊಡಿಸಿ, ಹೊರಡುವ ಮುಂಚೆ ಹದಿನೈದು ದಿನ ಅದನ್ನು ಹಾಕಿಕೊಂಡೇ ಆಡಲಿ.