ಸಂಕ್ರಾಂತಿ ದಿನ ಸೂರ್ಯ ಎಲ್ಲಿರುತ್ತಾನೆ?

ಪ್ರಶ್ನೆ: ಸಂಕ್ರಾಂತಿ ದಿನ ಎಳ್ಳು-ಬೆಲ್ಲ ತಿನ್ನುತ್ತಾ ಸುಮ್ನೆ ಮೊಬೈಲಿನಲ್ಲಿ ಆಕಾಶದ ನಕ್ಷೆ ತೆರೆದೆ. ಸೂರ್ಯ ಇನ್ನೂ ಧನುವಿನಲ್ಲೇ ಇದ್ದಾನೆ! ಪಂಚಾಂಗ ತಪ್ಪಾ, ಮೊಬೈಲ್ ತಪ್ಪಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಎರಡೂ ಸರಿ ಸ್ವಾಮಿ, ಅಳತೆ ಬೇರೆ ಅಷ್ಟೆ. ಪಂಚಾಂಗದವರು ಸೂರ್ಯನ ದಾರಿಯನ್ನು ಕಬ್ಬಿನ ಜಲ್ಲೆ ಕತ್ತರಿಸಿದ ಹಾಗೆ ಸಮನಾಗಿ 12 ತುಂಡು ಮಾಡಿದ್ದಾರೆ, ಒಂದೊಂದೂ 30 ಡಿಗ್ರಿ. ಆಕಾಶದ ನಕ್ಷತ್ರಪುಂಜಗಳು ನಿಮ್ಮೂರ ಗದ್ದೆಗಳಂತೆ, ಒಂದು ದೊಡ್ಡದು, ಒಂದು ಚಿಕ್ಕದು. ಅವುಗಳ ಗಡಿ 1930ರಲ್ಲಿ ಖಗೋಳ ವಿಜ್ಞಾನಿಗಳು ಗೊತ್ತುಮಾಡಿದ್ದು. ಆ ಲೆಕ್ಕದಲ್ಲಿ ಸೂರ್ಯ ಕನ್ಯಾ ಪುಂಜದಲ್ಲಿ ಸುಮಾರು 44 ದಿನ ಇದ್ದರೆ ವೃಶ್ಚಿಕದಲ್ಲಿ ಬರೀ ಒಂದು ವಾರ! ಅಲ್ಲಿಂದ ಉರಗಧರಕ್ಕೆ ಹೋಗುತ್ತಾನೆ. ಪಾಪ, ಆ ಪುಂಜಕ್ಕೆ ರಾಶಿಫಲದಲ್ಲಿ ಜಾಗವೇ ಇಲ್ಲ. ಮಕರ ಪುಂಜಕ್ಕೆ ಅವನು ಕಾಲಿಡುವುದು ಜನವರಿ 20ರ ಹೊತ್ತಿಗೆ. ಅಷ್ಟರಲ್ಲಿ ನಿಮ್ಮ ಎಳ್ಳು-ಬೆಲ್ಲ ಖಾಲಿಯಾಗಿರುತ್ತೆ, ಅಲ್ವಾ?