ಹೊರಳಿದರೆ ಸಾಕು, ಕೋಣೆಯೇ ತಿರುಗುತ್ತದೆ

ಪ್ರಶ್ನೆ: ನನಗೆ 54 ವರ್ಷ. ಮೂರು ವಾರದಿಂದ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದ ಕೂಡಲೇ ಕೋಣೆ ಗಿರ್ರನೆ ತಿರುಗುತ್ತದೆ. ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಬಿಪಿ ಸರಿಯಿದೆ, ಕಿವಿ ಚೆನ್ನಾಗಿ ಕೇಳುತ್ತದೆ. ತಲೆಸುತ್ತಿನ ಮಾತ್ರೆ ನುಂಗಿ ನಿದ್ದೆ ಜಾಸ್ತಿಯಾಯಿತೇ ಹೊರತು ಸುತ್ತು ಹೋಗಿಲ್ಲ. ತಲೆಯ ಸ್ಕ್ಯಾನ್ ಮಾಡಿಸಬೇಕಾ?

ಉತ್ತರ: ಸ್ಕ್ಯಾನ್‌ಗಿಂತ ಮೊದಲು ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ನೀವು ಹೇಳಿದ್ದು ಬಿಪಿಪಿವಿ, ಅಂದರೆ ತಲೆಯ ಭಂಗಿ ಬದಲಾದಾಗ ಸ್ವಲ್ಪ ಹೊತ್ತು ಬರುವ ತಲೆಸುತ್ತು, ಎಂಬ ತೊಂದರೆಗೆ ತುಂಬಾ ಹೊಂದುತ್ತದೆ. ನಮ್ಮ ಒಳಕಿವಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣದ ಹರಳುಗಳಿವೆ. ಅವು ಜಾಗ ಬಿಟ್ಟು ಪಕ್ಕದ ಬಾಗಿದ ನಾಳದೊಳಗೆ ಸೇರಿಕೊಂಡರೆ, ನೀವು ಹೊರಳಿದಾಗ ಜಾರುತ್ತಾ ಅಲ್ಲಿನ ದ್ರವವನ್ನೂ ಎಳೆಯುತ್ತವೆ, ತಲೆ ನಿಂತಿದ್ದರೂ ಇನ್ನೂ ತಿರುಗುತ್ತಿದೆ ಅಂತ ಮಿದುಳಿಗೆ ಸುದ್ದಿ ಹೋಗುತ್ತದೆ. ಮಾತ್ರೆ ವಾಕರಿಕೆ ಕಡಿಮೆ ಮಾಡಬಹುದು, ಹರಳನ್ನು ಅಲುಗಿಸುವುದಿಲ್ಲ.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಡಿಕ್ಸ್-ಹಾಲ್‌ಪೈಕ್ ಅಂತ ಹೆಸರು. ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ಥಟ್ಟನೆ ಹಿಂದಕ್ಕೆ ಮಲಗಿಸಿ ತಲೆ ಸ್ವಲ್ಪ ಕೆಳಗೆ ಜೋತುಬೀಳುವಂತೆ ಹಿಡಿಯುತ್ತಾರೆ. ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಸುತ್ತು ಶುರುವಾಗಿ ಕಣ್ಣುಗುಡ್ಡೆ ತಾನಾಗಿಯೇ ಪಟಪಟ ಓಡತೊಡಗುತ್ತದೆ. ಭಯವಾದರೂ ಕಣ್ಣು ಮುಚ್ಚಬೇಡಿ, ಯಾವ ಕಿವಿ, ಯಾವ ನಾಳ ಅಂತ ವೈದ್ಯರಿಗೆ ಹೇಳುವುದೇ ಆ ಓಟ.

ಅದು ಗೊತ್ತಾದರೆ ಚಿಕಿತ್ಸೆ ಅಲ್ಲೇ ಆಗಬಹುದು. ಹೆಚ್ಚಾಗಿ ಹರಳು ಸೇರುವುದು ಹಿಂಬದಿಯ ನಾಳಕ್ಕೆ, ಅದಕ್ಕೆ ಎಪ್ಲಿ ವಿಧಾನ ಇದೆ. ಮಲಗಿದ ಹಾಗೇ ತಲೆಯನ್ನು ಇನ್ನೊಂದು ಪಕ್ಕಕ್ಕೆ, ನಂತರ ಮೈಯನ್ನೂ ಅದೇ ಕಡೆಗೆ ಹೊರಳಿಸಿ ಮುಖ ನೆಲ ನೋಡುವಂತೆ, ಕೊನೆಗೆ ಎಬ್ಬಿಸಿ ಕೂರಿಸುವುದು. ಒಂದೊಂದು ಭಂಗಿಯಲ್ಲಿ ಸುಮಾರು 30 ಸೆಕೆಂಡು. ಹರಳು ಉರುಳುತ್ತಾ ನಾಳದಿಂದ ಹೊರಗೆ ಬರುತ್ತದೆ, ಅಷ್ಟೇ! ಎಷ್ಟೋ ಜನರಿಗೆ ಒಂದೆರಡು ಸಲದಲ್ಲೇ ಗುಣ ಕಾಣುತ್ತದೆ. ಒಂದೆರಡು ದಿನ ತೂರಾಡಿದ ಹಾಗೆ ಅನ್ನಿಸಬಹುದು, ಹೆದರಬೇಡಿ. ಮುಂದೆ ಮತ್ತೆ ಬರುವುದೂ ಉಂಟು, ಹಾಗಾಗಿ ಮನೆಯಲ್ಲಿ ಮಾಡುವ ಕ್ರಮವನ್ನು ಅವರಿಂದಲೇ ಕಲಿತುಕೊಳ್ಳಿ. ವಿಡಿಯೋ ನೋಡಿ ಸುಮ್ನೆ ತಲೆ ತಿರುಗಿಸಬೇಡಿ, ಯಾವ ಕಿವಿ ಅನ್ನುವುದು ತಪ್ಪಿದರೆ ಉಪಯೋಗವಿಲ್ಲ. ಕತ್ತಿನ ತೊಂದರೆ ಇದ್ದರೆ ಮೊದಲೇ ಹೇಳಿ.

ಪರೀಕ್ಷೆಯಲ್ಲಿ ಬಿಪಿಪಿವಿ ಅಂತ ಸ್ಪಷ್ಟವಾದರೆ, ಬೇರೆ ಲಕ್ಷಣ ಇಲ್ಲದಿದ್ದರೆ, ಸ್ಕ್ಯಾನ್ ಬೇಕಾಗುವುದಿಲ್ಲ. ಆದರೆ ಮಾತು ತೊದಲುವುದು, ಎರಡೆರಡು ಕಾಣುವುದು, ಕೈಕಾಲಿನ ಬಲ ಕುಂದುವುದು, ನಡೆಯಲಾಗದಷ್ಟು ಓಲಾಟ, ಹಿಂದೆಂದೂ ಬಾರದಂಥ ತಲೆನೋವು, ಇದರಲ್ಲಿ ಯಾವುದಿದ್ದರೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಸುತ್ತು ಹೋಗುವವರೆಗೆ ಏಣಿ ಹತ್ತಬೇಡಿ, ಗಾಡಿ ಓಡಿಸಬೇಡಿ. ಬೆಳಿಗ್ಗೆ ಎದ್ದಾಗ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ಕಾಲೂರಿ.